ಹಚ್ಚುವುದನ್ನು ಹೇಳಿದಿರಿ, ತೆಗೆಯುವುದನ್ನು ಹೇಳಲಿಲ್ಲ

ಗ್ರಾಹಕ ಸೇವಾ ವಿಭಾಗದವರಿಗೆ,

ವಿಷಯ: ನಿಮ್ಮ ವಾಟರ್‌ಪ್ರೂಫ್ ಐಲೈನರ್‌ನಿಂದ ಆದ ತೊಂದರೆ

ಮಾನ್ಯರೇ,

ಹೋದ ವಾರ ನಿಮ್ಮ ಐಲೈನರ್ ಹಚ್ಚಿಕೊಂಡಿದ್ದೆ. ಬೆವರಿದರೂ ಅದು ಅಲ್ಲಾಡಲಿಲ್ಲ. ಅಲ್ಲಿವರೆಗೆ ನಿಮ್ಮ ಮಾತು ನಿಜ. ರಾತ್ರಿ ಫೇಸ್‌ವಾಶ್ ಹಾಕಿ ಮೂರು ಸಲ ತೊಳೆದೆ, ಹೋಗಲಿಲ್ಲ. ಹತ್ತಿಯಿಂದ ಉಜ್ಜಿದರೆ ಕಪ್ಪು ಚೂರುಗಳಾಗಿ ಎದ್ದು ಕಣ್ಣೊಳಗೆ ಬಿದ್ದವು. ಬೆಳಿಗ್ಗೆ ಎರಡೂ ರೆಪ್ಪೆ ಕೆಂಪಾಗಿ ಊದಿದ್ದವು.

ಚರ್ಮದ ಡಾಕ್ಟರು ಮೊದಲು ಕೇಳಿದ್ದು, ಅದರಲ್ಲಿ ಏನೇನಿದೆ ಅಂತ. ಉಜ್ಜಿದ್ದಕ್ಕೆ ಹೀಗಾಯಿತೋ ಅಲರ್ಜಿಯೋ ತಿಳಿಯಲು ಪ್ಯಾಚ್ ಟೆಸ್ಟ್ (ಅನುಮಾನದ ಪದಾರ್ಥವನ್ನು ಚರ್ಮಕ್ಕೆ ಅಂಟಿಸಿ ನೋಡುವ ಪರೀಕ್ಷೆ) ಮಾಡಬೇಕು, ಅದಕ್ಕೆ ಪದಾರ್ಥಗಳ ಪಟ್ಟಿ ಬೇಕು. ಪಟ್ಟಿ ಇದ್ದದ್ದು ರಟ್ಟಿನ ಡಬ್ಬಿಯ ಮೇಲೆ. ಅದನ್ನು ಎಸೆದಿದ್ದೆ. ಎಲ್ಲರೂ ಎಸೆಯುತ್ತಾರೆ, ಅಲ್ವಾ? ನಿಮ್ಮನ್ನು ಕೇಳಿದರೆ ಬಂದದ್ದು ಒಂದೇ ಸಾಲು: 'ನಮ್ಮ ಉತ್ಪನ್ನ ಪೂರ್ತಿ ಸುರಕ್ಷಿತ.' ಇದು ನನ್ನ ಪ್ರಶ್ನೆಗೆ ಉತ್ತರವಲ್ಲ.

ಕೊನೆಗೆ ಗೆಳತಿಯ ಹತ್ತಿರ ಇದ್ದ ಡಬ್ಬಿ ಓದಿದೆ. ಐಸೊಡೊಡೆಕೇನ್, ಟ್ರೈಮೀಥೈಲ್‌ಸಿಲಾಕ್ಸಿಸಿಲಿಕೇಟ್, ಒಂದು ಅಕ್ರಿಲೇಟ್ ಕೋಪಾಲಿಮರ್. ಮೊದಲನೆಯದು ಆವಿಯಾಗಿ ಹೋಗುತ್ತದೆ. ಉಳಿದೆರಡು ಬಣ್ಣವನ್ನು ಹಿಡಿದುಕೊಂಡು ಪೊರೆಯಾಗಿ ಕೂರುತ್ತವೆ. ಈ ಪೊರೆ ನೀರಿಗೆ ಬಗ್ಗುವುದಿಲ್ಲ, ಎಣ್ಣೆಯ ರಿಮೂವರ್‌ಗೆ ಸಡಿಲವಾಗುತ್ತದೆ. ಇಷ್ಟನ್ನು ಟ್ಯೂಬಿನ ಮೇಲೆ ಬರೆದಿದ್ದರೆ ನಾನು ಉಜ್ಜುತ್ತಲೇ ಇರಲಿಲ್ಲ.

ಪಾಲಿಮರ್ ಅಂದರೆ ವಿಷ ಅಂತ ಸುಮ್ನೆ ಕೂಗುತ್ತಿಲ್ಲ. ಸಣ್ಣ ಅಣುಗಳು ಒಂದಕ್ಕೊಂದು ಸೇರಿ ಆಗುವ ಅದರ ಅಣುಗಳು ದೊಡ್ಡವು, ಚರ್ಮದೊಳಗೆ ಸುಲಭಕ್ಕೆ ಇಳಿಯುವುದಿಲ್ಲ. ಆದರೆ ಹಾಗೆ ಸೇರದೆ ಬಿಡಿಯಾಗಿ ಉಳಿಯುವ ಅಣು, ಅಂದರೆ ಮಾನೊಮರ್, ಸಣ್ಣದು. ಅಕ್ರಿಲೇಟ್ ಮಾನೊಮರ್‌ಗಳಿಂದ ಕೆಲವರಿಗೆ ಅಲರ್ಜಿ ಆಗುತ್ತದೆ ಅನ್ನುವುದು ನಿಮಗೂ ಗೊತ್ತಿರುವ ವಿಷಯ. ಇನ್ನೊಂದು ಭಯವೂ ಇದೆ. 2021ರಲ್ಲಿ ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದವರ ತಂಡ 231 ಮೇಕಪ್ ಸಾಮಾನುಗಳನ್ನು ಪರೀಕ್ಷಿಸಿತ್ತು. ವಾಟರ್‌ಪ್ರೂಫ್ ಮಸ್ಕರಾ, ಲಿಕ್ವಿಡ್ ಲಿಪ್‌ಸ್ಟಿಕ್, ಫೌಂಡೇಶನ್‌ಗಳಲ್ಲಿ ಫ್ಲೋರಿನ್ ಜಾಸ್ತಿ ಕಂಡಿತು. ಅದು ಪಿಎಫ್‌ಎಎಸ್, ಅಂದರೆ ಸುಲಭಕ್ಕೆ ಕರಗಿ ಹೋಗದೆ ಬಹುಕಾಲ ಉಳಿಯುವ ಫ್ಲೋರಿನ್ ರಾಸಾಯನಿಕಗಳು, ಇರುವ ಸುಳಿವು. ಹೆಚ್ಚಿನವುಗಳ ಲೇಬಲ್ ಮೇಲೆ ಅದರ ಹೆಸರೇ ಇರಲಿಲ್ಲ. ಹೀಗಿರುವಾಗ ನಿಮ್ಮ ಲೇಬಲ್ ಒಂದನ್ನೇ ನಾನು ಹೇಗೆ ನಂಬಲಿ?

ದುಡ್ಡಿನ ಮಾತು ಆಮೇಲೆ ಆಡೋಣ. ಮೊದಲು ನನ್ನ ಬ್ಯಾಚಿನ ಪೂರ್ತಿ ಪಟ್ಟಿ ಕಳಿಸಿ. ಉಳಿಕೆ ಮಾನೊಮರ್ ಎಷ್ಟಿದೆ ಎಂದು ಅಳೆದಿದ್ದೀರಾ, ಪಿಎಫ್‌ಎಎಸ್ ಸೇರಿಸಿದ್ದೀರಾ, ಕಣ್ಣಿನ ಹತ್ತಿರ ಹಚ್ಚಿ ಪರೀಕ್ಷೆ ಮಾಡಿದ್ದೀರಾ, ಬರವಣಿಗೆಯಲ್ಲಿ ತಿಳಿಸಿ. ತೆಗೆಯುವ ವಿಧಾನವನ್ನು ಡಬ್ಬಿಯ ಮೇಲಲ್ಲ, ಟ್ಯೂಬಿನ ಮೇಲೆಯೇ ಅಚ್ಚು ಹಾಕಿಸಿ.

ಪ್ಯಾಚ್ ಟೆಸ್ಟ್ 15 ದಿನದ ನಂತರ ಇದೆ. ಅದಕ್ಕೆ ಮೊದಲೇ ಪಟ್ಟಿ ನನ್ನ ಕೈಸೇರಬೇಕು. ಬ್ಯಾಚ್ ನಂಬರ್, ರೆಪ್ಪೆಯ ಫೋಟೊ ಜೊತೆಗಿಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕಿ