ಬಂಡೆಚಿತ್ರಗಳನ್ನು ಕಿತ್ತು ತರುವ ಮಾತು ಬೇಡ

ಸಂಪಾದಕರಿಗೆ,

ಮಾನ್ಯರೆ,

ಬಳ್ಳಾರಿ ಬಳಿಯ ಸಂಗನಕಲ್ಲು, ಕಪ್ಪಗಲ್ಲು ಬೆಟ್ಟಗಳ ಬಂಡೆಚಿತ್ರಗಳ ಬಗ್ಗೆ ಓದುಗರೊಬ್ಬರು ಇತ್ತೀಚೆಗೆ ಈ ಅಂಕಣದಲ್ಲಿ ಬರೆದ ಪತ್ರ ಓದಿದೆ. ಆದಿಮಾನವನ ಬೇಟೆಯ ಚಿತ್ರಗಳಿರುವ ಬಂಡೆಗಳನ್ನು ಕ್ರೇನ್ ತರಿಸಿ ನಗರದ ಉದ್ಯಾನವೊಂದಕ್ಕೆ ಸಾಗಿಸಿದರೆ ಕ್ವಾರಿಯ ಕಾಟವೂ ತಪ್ಪುತ್ತದೆ, ಜನರಿಗೆ ನೋಡಲೂ ಅನುಕೂಲ ಎಂಬುದು ಅವರ ಸಲಹೆ. ಅವರ ಕಳಕಳಿ ದೊಡ್ಡದು. ಆದರೆ ಸಲಹೆ ಜಾರಿಗೆ ಬಂದರೆ ಕ್ವಾರಿಯವರು ಮಾಡುವ ಕೆಲಸವನ್ನೇ ನಾವು ಸರ್ಕಾರಿ ಖರ್ಚಿನಲ್ಲಿ ಮಾಡಿದಂತಾಗುತ್ತದೆ.

ಮೊದಲು 'ಬೇಟೆಯ ಚಿತ್ರ' ಎಂಬ ಮಾತನ್ನು ಎತ್ತಿಕೊಳ್ಳುತ್ತೇನೆ. ಪ್ರಾಗೈತಿಹಾಸಿಕ ಚಿತ್ರಕಲೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮಧ್ಯಪ್ರದೇಶದ ಭೀಮಬೆಟ್ಕಾ: ಗವಿಯ ಗೋಡೆ, ಕೆಂಪು ಮತ್ತು ಬಿಳಿ ಬಣ್ಣ, ಓಡುವ ಜಿಂಕೆ, ಆಯುಧ ಹಿಡಿದ ಜನ. ಕಪ್ಪಗಲ್ಲಿನ ಬಂಡೆಗಳ ಮೇಲೆ ಕಾಣುವುದೇ ಬೇರೆ. ಇಲ್ಲಿ ಬಣ್ಣವಿಲ್ಲ. ಕಲ್ಲಿನಿಂದ ಕಲ್ಲನ್ನು ಕುಟ್ಟಿ, ಮೇಲಿನ ಕಪ್ಪು ಪದರವನ್ನು ಎಬ್ಬಿಸಿ, ಒಳಗಿನ ತಿಳಿ ಬಣ್ಣ ತೋರುವಂತೆ ಮಾಡಿದ ಕುಟ್ಟುಚಿತ್ರಗಳು ಅವು. ಬಹುಪಾಲು ದನಗಳೇ. ಉದ್ದ ಕೊಂಬು, ಎದ್ದು ನಿಂತ ಹಿಣಿಲು, ಬಳುಕುವ ಬೆನ್ನು. ಗೂಳಿಯನ್ನು ದಿನವೂ ನೋಡಿದ ಕೈ ಮಾತ್ರ ಅಷ್ಟು ಕಡಿಮೆ ಏಟುಗಳಲ್ಲಿ ಅದನ್ನು ಬರೆಯಬಲ್ಲದು. ಮನುಷ್ಯರೂ ಇದ್ದಾರೆ, ಮಿಥುನಗಳೂ ಇವೆ. ಕಾಲ ಕಳೆದಂತೆ ಕುಟ್ಟಿದ ಜಾಗ ಮತ್ತೆ ಕಪ್ಪಾಗುತ್ತಾ ಹೋಗುವುದರಿಂದ ಯಾವುದು ಹಳತು, ಯಾವುದು ಅನಂತರ ಸೇರಿದ್ದು ಎಂಬುದನ್ನು ಬಣ್ಣದ ಗಾಢತೆಯಿಂದಲೇ ಸ್ಥೂಲವಾಗಿ ಗುರುತಿಸಬಹುದು. ಹಳೆಯವು ನವಶಿಲಾಯುಗದವು, ಇಂದಿಗೆ ಸುಮಾರು 5000ದಿಂದ 3000 ವರ್ಷಗಳ ಹಿಂದಿನವು. ಅವನ್ನು ಕೆತ್ತಿದವರು ಕಾಡಿನಲ್ಲಿ ಅಲೆಯುತ್ತಿದ್ದ ಬೇಟೆಗಾರರಲ್ಲ, ದನ ಕಾಯುತ್ತ ಬೆಳೆ ತೆಗೆಯುತ್ತ ಊರು ಕಟ್ಟಿಕೊಂಡವರು.

ಇದು ಹೇಗೆ ಗೊತ್ತು ಎಂದರೆ, ಚಿತ್ರದಿಂದಷ್ಟೇ ಅಲ್ಲ. ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯಲ್ಲಿ ಅಲ್ಲಲ್ಲಿ ಬೂದಿದಿಬ್ಬಗಳಿವೆ. ಕುಡತಿನಿಯ ದಿಬ್ಬ ಅವುಗಳಲ್ಲಿ ಹೆಸರಾದದ್ದು. ಹಂಪಿ ಬಳಿಯ ನಿಂಬಾಪುರದ ಬೂದಿರಾಶಿಯನ್ನು ವಾಲಿಯನ್ನು ದಹಿಸಿದ ಜಾಗವೆಂದು ಜನ ಇಂದಿಗೂ ತೋರಿಸುತ್ತಾರೆ. ಈ ದಿಬ್ಬಗಳು ಏನೆಂದು ವಿದ್ವಾಂಸರು ಬಹುಕಾಲ ಜಗಳವಾಡಿದರು. 1957ರಲ್ಲಿ ಪುರಾತತ್ವಜ್ಞ ಎಫ್.ಆರ್. ಆಲ್ಚಿನ್ ಅವರು ಈಗ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬವನ್ನು ಅಗೆದಾಗ ಕಂಬ ನೆಟ್ಟ ಗುಳಿಗಳ ಸಾಲು, ಪದರ ಪದರವಾಗಿ ಸುಟ್ಟ ಸಗಣಿ, ಅದರಲ್ಲಿ ಅಚ್ಚೊತ್ತಿದ ದನಗಳ ಗೊರಸಿನ ಗುರುತು ಸಿಕ್ಕವು. ದಿಬ್ಬವೆಂದರೆ ಹಳೆಯ ದೊಡ್ಡಿ! ಸಗಣಿಯನ್ನು ರಾಶಿಗಟ್ಟಲೆ ಕೂಡಿಸಿ ಸುಟ್ಟದ್ದು ರೋಗದ ಭಯಕ್ಕೋ, ಹಬ್ಬಕ್ಕೋ, ಎರಡಕ್ಕೂ ಹೌದೋ, ಆ ವಾದ ಇರಲಿ. ಬಂಡೆಯ ಮೇಲಿನ ಗೂಳಿ ಮತ್ತು ಬಯಲಿನ ಬೂದಿ ಒಂದೇ ಬದುಕಿನ ಎರಡು ತುದಿಗಳು ಎಂಬುದಂತೂ ಅಂದು ಖಚಿತವಾಯಿತು.

ಚಿತ್ರವನ್ನೊಂದೇ ನಂಬಿದರೆ ಮೋಸಹೋಗುತ್ತೇವೆ ಎಂಬುದೂ ಇಲ್ಲಿಯೇ ತಿಳಿಯುವುದು. ಈ ನೆಲೆಗಳ ಉತ್ಖನನದಲ್ಲಿ ಕುರಿ ಮೇಕೆಗಳ ಎಲುಬು ಸಾಕಷ್ಟು ಸಿಕ್ಕಿವೆ. ಬಂಡೆಯ ಮೇಲೆ ಮಾತ್ರ ಗೂಳಿಗಳದೇ ದರಬಾರು. ಸಂಗನಕಲ್ಲಿನ ಮಣ್ಣನ್ನು ನೀರಿನಲ್ಲಿ ತೇಲಿಸಿ ಸೋಸಿದಾಗ ಸುಟ್ಟು ಕರಕಲಾದ ಹುರುಳಿ, ಹೆಸರು, ಕೊರಲೆಯ ಕಾಳುಗಳು ದೊರೆತಿವೆ. ಸಿರಿಧಾನ್ಯದ ಅಂಗಡಿಯಲ್ಲಿ ಈಗ ಚೆಂದದ ಪೊಟ್ಟಣಗಳಲ್ಲಿ ದುಬಾರಿ ಬೆಲೆಗೆ ಮಾರುವ ಅದೇ ಕೊರಲೆ. ಅದನ್ನು ಬಿತ್ತಿದ, ಕುಟ್ಟಿದ, ಅಡುಗೆ ಮಾಡಿದ ಕೈಗಳು ಬಂಡೆಯ ಮೇಲೆ ಜಾಗ ಪಡೆಯಲಿಲ್ಲ. ಯಾದಗಿರಿ ಜಿಲ್ಲೆಯ ಬೂದಿಹಾಳದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅವರು ನಡೆಸಿದ ಉತ್ಖನನದಲ್ಲಿ ದನಗಳನ್ನು ಕಡಿದು ಮಾಂಸ ಬೇರ್ಪಡಿಸುತ್ತಿದ್ದ ನೆಲವೇ ಬಯಲಾಯಿತು. ಇಂದಿನ ಕೆಲವರಿಗೆ ಇದು ಕಿರಿಕಿರಿಯ ಸಂಗತಿ. ಏನು ಮಾಡುವುದು, ಎಲುಬುಗಳು ಯಾರ ಮನಸ್ಸನ್ನೂ ನೋಡಿ ಮಾತನಾಡುವುದಿಲ್ಲ. ಅಂದರೆ ಆ ಜನ ತಮ್ಮ ದಿನಚರಿಯನ್ನು ಬಂಡೆಗೆ ಬರೆಯಲಿಲ್ಲ. ಯಾವುದರಲ್ಲಿ ತಮ್ಮ ಹೆಮ್ಮೆ, ಅಂತಸ್ತು, ಆಸೆ ಇತ್ತೋ ಅದನ್ನು ಬರೆದರು. ಚಿತ್ರ ಮತ್ತು ಎಲುಬಿನ ನಡುವಿನ ಈ ವ್ಯತ್ಯಾಸವೇ ನನ್ನ ಮಟ್ಟಿಗೆ ಅತ್ಯಂತ ಬೆಲೆಬಾಳುವ ಮಾಹಿತಿ. ಚಿತ್ರವೊಂದನ್ನೇ ಉದ್ಯಾನದಲ್ಲಿ ನಿಲ್ಲಿಸಿದರೆ ಹೋಗುವುದು ಅದೇ.

ಇನ್ನು ಕಲ್ಲಿನ ವಿಷಯ. ಕಪ್ಪಗಲ್ಲಿನ ಗ್ರಾನೈಟ್ ಬೆಟ್ಟವನ್ನು ಸೀಳಿಕೊಂಡು ಡಾಲರೈಟ್ ಎಂಬ ಕರಿಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಆ ಕರಿಕಲ್ಲನ್ನೇ ಒಡೆದು, ಬಂಡೆಗೆ ಉಜ್ಜಿ ಮಸೆದು ಕೊಡಲಿ ಮಾಡುತ್ತಿದ್ದರು. ಅಲ್ಲಿನ ಹಿರೇಗುಡ್ಡದ ತುದಿಯಲ್ಲಿ ಅದರ ದೊಡ್ಡ ಕಮ್ಮಟವೇ ಇತ್ತು. ಚಿತ್ರಗಳನ್ನು ಕುಟ್ಟಿದ್ದೂ ಅದೇ ಕರಿಕಲ್ಲಿನ ಮೇಲೆ. 1892ರಷ್ಟು ಹಿಂದೆಯೇ ಬ್ರಿಟಿಷ್ ಅಧಿಕಾರಿ ಎಫ್. ಫಾಸೆಟ್ ಈ ಚಿತ್ರಗಳ ಬಗ್ಗೆ ಬರೆದಿದ್ದರು. ಅಲ್ಲಿನ ಕೆಲವು ಬಂಡೆಗಳ ಮೇಲಿರುವ ಗುಳಿಗಳಲ್ಲಿ ಚಿಕ್ಕ ಕಲ್ಲಿನಿಂದ ಬಡಿದರೆ ಜಾಗಟೆಯಂತೆ ನಾದ ಹೊರಡುತ್ತದೆ. 2002ರಿಂದ ಇಲ್ಲಿ ದಾಖಲೀಕರಣ ನಡೆಸಿದ ಪುರಾತತ್ವಜ್ಞೆ ನಿಕೋಲ್ ಬಾಯ್ವಿನ್ ಅವರು ಈ ನಾದವೂ ಆ ಕಾಲದ ಆಚರಣೆಯ ಭಾಗವಾಗಿತ್ತೆಂದು 2004ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಾದಿಸಿದರು. ಕೆಲವು ಚಿತ್ರಗಳು ನೇತಾಡಿಕೊಂಡೇ ಕುಟ್ಟಬೇಕಾದಂಥ ಕಡಿದಾದ ಜಾಗಗಳಲ್ಲಿವೆ. ಅಂಥಲ್ಲಿಗೆ ಹತ್ತುವುದು, ಕುಟ್ಟುವುದು, ಕುಟ್ಟುವಾಗ ಏಳುವ ಸದ್ದು, ಎಲ್ಲ ಸೇರಿದ್ದೇ ಅವರ ಕಲೆ ಎಂದು ನನಗೆ ತೋರುತ್ತದೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಶಿಲಾಸಮಾಧಿಗಳ ನಡುವೆ ಕೂಡ ಬಡಿದರೆ ದೂರಕ್ಕೆ ಕೇಳಿಸುವ ನಗಾರಿಯಂಥ ಭಾರಿ ಬಂಡೆಯಿದೆ. ಕಲ್ಲಿನ ನಾದದ ಹುಚ್ಚು ಈ ಸೀಮೆಗೆ ಹಳೆಯದು.

ಈಗ ಕ್ರೇನಿನ ಸಲಹೆಗೆ ಬರೋಣ. ಬಂಡೆ ನಾದ ಕೊಡುವುದು ಅದು ಇತರ ಕಲ್ಲುಗಳ ಮೇಲೆ ಕೆಲವೇ ಬಿಂದುಗಳಲ್ಲಿ ಆತು ನಿಂತು, ಉಳಿದ ಮೈ ಕಂಪಿಸಲು ಬಿಡುವಿರುವುದರಿಂದ. ಅದನ್ನೆತ್ತಿ ಸಿಮೆಂಟ್ ಕಟ್ಟೆಯ ಮೇಲೆ ಕೂರಿಸಿದರೆ ಮೂಕವಾಗುತ್ತದೆ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಎದ್ದು ಕಾಣುವ ಗೂಳಿ, ಬೇರೆ ದಿಕ್ಕಿಗೆ ತಿರುಗಿಸಿಟ್ಟರೆ ಕಣ್ಣಿಗೆ ಬೀಳದೆಯೂ ಹೋಗಬಹುದು. ಪಕ್ಕದಲ್ಲಿ ಕೊಡಲಿ ಮಸೆದ ತೋಡುಗಳಿದ್ದರೆ ಅವು ಅಲ್ಲೇ ಉಳಿಯುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, 'ಚಿತ್ರಗಳನ್ನು ತೆಗೆದಾಯಿತಲ್ಲ, ಇನ್ನೇಕೆ ಈ ಬೆಟ್ಟ?' ಎಂದು ಮರುದಿನವೇ ಗುತ್ತಿಗೆಯ ಅರ್ಜಿ ಬರುತ್ತದೆ. ಕಪ್ಪಗಲ್ಲು ಬೆಟ್ಟದ ಕೆಲವು ಭಾಗಗಳು ಗ್ರಾನೈಟ್ ಗಣಿಗಾರಿಕೆಗೆ ಈಗಾಗಲೇ ತುತ್ತಾಗಿವೆ; ಇದರ ಉತ್ತರಕ್ಕಿದ್ದ, ಇನ್ನೂ ಹಳೆಯ ಚಿತ್ರಗಳಿದ್ದ ಕಲ್ಲಾಸರೆಯೊಂದು ಭಾಗಶಃ ನಾಶವಾದದ್ದೂ ದಾಖಲಾಗಿದೆ.

ಕ್ವಾರಿಯಲ್ಲಿ ಕಲ್ಲು ಒಡೆದು ಹೊಟ್ಟೆ ಹೊರೆಯುವವರ ಮೇಲೆ ನನಗೆ ಸಿಟ್ಟಿಲ್ಲ. ಗುತ್ತಿಗೆಯ ನಕ್ಷೆ ಬರೆಯುವವರು ಬೆಟ್ಟವನ್ನು ನೋಡಿ ಬರೆಯಲಿ ಎಂದಷ್ಟೇ ಕೇಳುತ್ತಿದ್ದೇನೆ. ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶವೆಂದು ಕಾನೂನಿದೆ. ಗುಡಿ, ಕೋಟೆಗಳಿಗೆ ಈ ಅಳತೆ ಹೊಂದುತ್ತದೆ. ನೂರಾರು ಚಿತ್ರಗಳು ಚದುರಿರುವ ಬೆಟ್ಟದಲ್ಲಿ ಒಂದೊಂದು ಬಂಡೆಯಿಂದ ಟೇಪು ಹಿಡಿಯುತ್ತ ಕೂರುವುದು ಹಾಸ್ಯಾಸ್ಪದ. ಬಂಡೆಚಿತ್ರಗಳಿರುವ ಕಡೆ ಇಡೀ ಬೆಟ್ಟವನ್ನೇ ಸ್ಮಾರಕವೆಂದು ಸರ್ವೆ ನಂಬರ್ ಸಮೇತ ಘೋಷಿಸಿ, ಅಳತೆಯನ್ನು ಬೆಟ್ಟದ ಬುಡದಿಂದ ಶುರುಮಾಡಬೇಕು.

ಜನರಿಗೆ ನೋಡಲು ಅನುಕೂಲವಾಗಬೇಕೆಂಬ ಪತ್ರಲೇಖಕರ ಮಾತನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ಅದಕ್ಕೆ ಬಂಡೆ ಊರಿಗೆ ಬರಬೇಕಿಲ್ಲ. ಬಳ್ಳಾರಿಯಲ್ಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯವಿದೆ. ಹಂಪಿಗೆ ಪ್ರವಾಸ ಹೊರಡುವ ಶಾಲೆಗಳು ಅಲ್ಲಿ ಕೊಡಲಿಗಳನ್ನು ತೋರಿಸಿ, ಸಂಜೆ ಬಿಸಿಲಿಳಿಯುವ ಹೊತ್ತಿಗೆ ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯಬಹುದು. ಸುತ್ತಲಿನ ಊರುಗಳ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ಮಾರ್ಗದರ್ಶಕರನ್ನಾಗಿ ನೇಮಿಸಿದರೆ ಕಾವಲೂ ಆಗುತ್ತದೆ, ಸಂಬಳವೂ ಸಿಗುತ್ತದೆ. ಹೋದವರು ಫೋಟೊ ಚೆನ್ನಾಗಿ ಬರಲೆಂದು ಗೂಳಿಗಳ ಮೇಲೆ ಸೀಮೆಸುಣ್ಣ ತೀಡುವುದನ್ನು, ಪಕ್ಕದಲ್ಲಿ ತಮ್ಮ ಹೆಸರು ಕೊರೆಯುವುದನ್ನು ತಡೆಯಲಿಕ್ಕಾದರೂ ಅಲ್ಲೊಬ್ಬರು ಬೇಕು. ಜಿಲ್ಲಾಡಳಿತ ಮತ್ತು ಪುರಾತತ್ವ ಇಲಾಖೆ ಈ ಬಗ್ಗೆ ತಮ್ಮ ನಿಲುವನ್ನು ಇದೇ ಅಂಕಣದಲ್ಲಿ ತಿಳಿಸಿದರೆ ಉಪಕಾರವಾಗುತ್ತದೆ.

ಇತಿ,
ನಿವೃತ್ತ ಇತಿಹಾಸ ಶಿಕ್ಷಕ,
ಬಳ್ಳಾರಿ