ವೇಷದ ಹೆಲ್ಮೆಟ್ ಒಳಗೆ ಗಾಳಿಗೂ ದಾರಿ ಬಿಡಿ

ಸಂಪಾದಕರೇ,

ಮಕ್ಕಳ ಹುಟ್ಟುಹಬ್ಬದಲ್ಲೋ ಆಟದ ಮೈದಾನದಲ್ಲೋ ದೊಡ್ಡ ಕರಡಿ ತಲೆ ಹಾಕಿಕೊಂಡು ಕೈ ಬೀಸುವವರನ್ನು, ರೋಬೋ ಹೆಲ್ಮೆಟ್ ತೊಟ್ಟು ಫೋಟೋಗೆ ನಿಲ್ಲುವವರನ್ನು ಎಲ್ಲರೂ ನೋಡಿರುತ್ತೀರಿ. ಒಳಗಿರುವವರಿಗೆ ಎಷ್ಟು ಸೆಕೆ ಆಗುತ್ತಿರಬಹುದು ಅಂತ ಕೇಳುವವರು ಕಡಿಮೆ. ನಾನು ಇಂಥ ಹೆಲ್ಮೆಟ್ ಮಾಡುತ್ತೇನೆ, ಹಾಕಿಕೊಳ್ಳುತ್ತೇನೆ ಕೂಡ. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಕಾರ್ಯಕ್ರಮದಲ್ಲಿ ನನಗೆ ಕೊಟ್ಟಿದ್ದು ಫೈಬರ್ ತಲೆ. ಒಳಗೆ ಸುತ್ತಲೂ ದಪ್ಪ ಫೋಮ್, ಕಣ್ಣಿನ ಹತ್ತಿರ ಎರಡು ಸಣ್ಣ ಜಾಲರಿ ಬಿಟ್ಟರೆ ಬೇರೆ ತೂತೇ ಇಲ್ಲ. 15 ನಿಮಿಷ ಅಂದಿದ್ದರು, ಮುಕ್ಕಾಲು ಗಂಟೆ ಆಯಿತು. ಮೊದಲು ತಲೆನೋವು ಬಂತು, ಆಮೇಲೆ ಹೊಟ್ಟೆ ತೊಳಸಿತು, ಕೊನೆಗೆ ಯಾವ ಕಡೆ ನಡೆಯಬೇಕು ಅನ್ನುವುದೇ ತಿಳಿಯದೆ ಗೋಡೆಗೆ ಒರಗಿ ಕುಸಿದುಬಿಟ್ಟೆ. ಸುತ್ತಲಿದ್ದವರು ಅದೂ ಆಟವೇ ಅಂದುಕೊಂಡು ಚಪ್ಪಾಳೆ ಹೊಡೆದರು. ಅವರದ್ದೇನೂ ತಪ್ಪಿಲ್ಲ. ಹೊರಗಿನ ಮುಖ ನಗುತ್ತಲೇ ಇತ್ತಲ್ಲ.

ಸೆಕೆ ಯಾಕೆ ಅಷ್ಟು ಬೇಗ ಏರುತ್ತದೆ ಅಂದರೆ, ಸುಮ್ನೆ ಕೂತಿದ್ದರೂ ನಮ್ಮ ಮೈ ಸುಮಾರು 100 ವ್ಯಾಟ್ ಶಾಖ ಹೊರಹಾಕುತ್ತದೆ. ಕುಣಿದರೆ ಅದರ ಮೂರು ನಾಲ್ಕು ಪಟ್ಟು. ಆ ಶಾಖ ಹೋಗಲು ಇರುವ ಮುಖ್ಯ ದಾರಿ ಬೆವರು, ಆದರೆ ಬೆವರು ಸುರಿದರೆ ಸಾಲದು, ಅದು ಚರ್ಮದ ಮೇಲೇ ಆರಬೇಕು. 1 ಗ್ರಾಂ ಬೆವರು ಆರುವಾಗ ಸುಮಾರು 2,400 ಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ಕೆನ್ನೆಯಿಂದ ತೊಟ್ಟಿಕ್ಕಿ ಹೋದ ಬೆವರಿನಿಂದ ಏನೂ ಪ್ರಯೋಜನವಿಲ್ಲ. ಮುಚ್ಚಿದ ಹೆಲ್ಮೆಟ್‌ನಲ್ಲಿ ಉಸಿರಿನ ತೇವವೂ ಸೇರಿಕೊಂಡು ಕೆಲವೇ ನಿಮಿಷದಲ್ಲಿ ಗಾಳಿ ಒದ್ದೆಯಾಗುತ್ತದೆ, ಆಮೇಲೆ ಬೆವರು ಆರುವುದೇ ಇಲ್ಲ.

ಇದಕ್ಕೆ ಎಲ್ಲರೂ ಮೊದಲು ಮಾಡುವುದು ಒಳಗೊಂದು ಚಿಕ್ಕ ಫ್ಯಾನ್ ಅಂಟಿಸುವುದು. ನಾನೂ ಅದನ್ನೇ ಮಾಡಿದ್ದೆ. ಒಳಗಿನ ಬಿಸಿ ಗಾಳಿಯನ್ನೇ ಅದು ಮತ್ತೆ ಮತ್ತೆ ಮುಖಕ್ಕೆ ಬೀಸುತ್ತದೆ, ಅಷ್ಟೇ. ಗಾಳಿ ಒಂದು ಕಡೆಯಿಂದ ಬರಬೇಕು, ಇನ್ನೊಂದು ಕಡೆಯಿಂದ ಹೋಗಬೇಕು. ನನಗೆ ಚೆನ್ನಾಗಿ ಕೆಲಸ ಮಾಡಿದ ಏರ್ಪಾಡು ಹೀಗಿದೆ: ಗದ್ದದ ಹತ್ತಿರ ದೊಡ್ಡ ಜಾಲರಿ, ನೆತ್ತಿಯ ಹಿಂಭಾಗದಲ್ಲಿ ಗಾಳಿಯನ್ನು ಹೊರಗೆಳೆಯುವ ಫ್ಯಾನ್. ಬಿಸಿ ಗಾಳಿ ತಾನಾಗಿಯೇ ಮೇಲೇರುತ್ತದೆ, ಫ್ಯಾನ್ ಅದನ್ನು ಹೊರಗೆ ತಳ್ಳುತ್ತದೆ, ಗದ್ದದ ಕೆಳಗಿನಿಂದ ಹೊಸ ಗಾಳಿ ಬಾಯಿ, ಮೂಗು, ಕಣ್ಣಿನ ಗಾಜು ದಾಟಿಕೊಂಡು ಮೇಲಕ್ಕೆ ಹೋಗುತ್ತದೆ. ಗಾಜಿಗೆ ಹಬೆ ಕಟ್ಟುವುದೂ ಕಡಿಮೆಯಾಗುತ್ತದೆ. ಕಟ್ಟಿದರೂ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸವರಿ ಮೆತ್ತನೆಯ ಬಟ್ಟೆಯಲ್ಲಿ ಒರೆಸಿಬಿಟ್ಟರೆ ಒಂದಷ್ಟು ಹೊತ್ತು ತಡೆಯುತ್ತದೆ. ಗಾಳಿ ನಿಜವಾಗಿ ಓಡಾಡುತ್ತಿದೆಯಾ ಅಂತ ನೋಡುವುದು ಸುಲಭ. ತೆಳು ಕಾಗದದ ಒಂದು ಪಟ್ಟಿಯನ್ನು ಗದ್ದದ ಜಾಲರಿಗೆ ಹಿಡಿಯಿರಿ. ಒಳಕ್ಕೆ ಎಳೆದರೆ ಸರಿ, ಅಲ್ಲಾಡದೇ ಇದ್ದರೆ ಫ್ಯಾನ್ ಸುಮ್ನೆ ತಿರುಗುತ್ತಿದೆ.

ಫೋಮ್ ವಿಚಾರದಲ್ಲೂ ತಪ್ಪು ಮಾಡುತ್ತೇವೆ. ತಲೆ ಅಲ್ಲಾಡಬಾರದು ಅಂತ ಪೂರ್ತಿ ತುಂಬಿಸಿಬಿಟ್ಟರೆ ಫ್ಯಾನ್ ಇದ್ದೂ ಇಲ್ಲದಂತೆ. ಹಣೆ, ಹಿಂತಲೆ, ಎರಡು ಪಕ್ಕ, ಇಷ್ಟು ಕಡೆ ತುಂಡು ತುಂಡಾಗಿ ಅಂಟಿಸಿ ನಡುವೆ ಎರಡು ಬೆರಳಿನಷ್ಟು ಸಂದು ಬಿಟ್ಟರೆ ಸಾಕು. ಸಂದು ಕಿರಿದಾಗಿದ್ದರೆ ಸಾಮಾನ್ಯ ರೆಕ್ಕೆಯ ಫ್ಯಾನ್‌ಗಿಂತ ಬ್ಲೋವರ್ (ಗಾಳಿಯನ್ನು ಎಳೆದು ಪಕ್ಕದ ಬಾಯಿಯಿಂದ ಒತ್ತಿ ಬಿಡುವ ಫ್ಯಾನ್) ಒಳ್ಳೆಯದು, ಇಕ್ಕಟ್ಟಿನಲ್ಲೂ ಅದು ಗಾಳಿಯನ್ನು ನೂಕುತ್ತದೆ. ತಲೆಗೆ ಹತ್ತಿಯ ಟೋಪಿ ಹಾಕಿದರೆ ಬೆವರು ಹೀರಿ ಒದ್ದೆಯಾಗಿ ಕೂರುತ್ತದೆ. ತೆಳು ಪಾಲಿಯೆಸ್ಟರ್‌ನದ್ದು ಬೇಗ ಆರುತ್ತದೆ.

ಕರೆಂಟಿನ ಬಗ್ಗೆ ಸ್ವಲ್ಪ ಹೇಳಲೇಬೇಕು. 5 ವೋಲ್ಟ್ ಫ್ಯಾನ್ ಮತ್ತು ಒಳ್ಳೆಯ ಪವರ್ ಬ್ಯಾಂಕ್ ಸಾಕು. 12 ವೋಲ್ಟ್ ಫ್ಯಾನ್‌ಗೆ 5 ವೋಲ್ಟ್ ಕೊಟ್ಟರೆ ಮೆಲ್ಲಗೆ ತಿರುಗುತ್ತದೆ, ಕೆಲವು ತಿರುಗುವುದೇ ಇಲ್ಲ. ಪವರ್ ಬ್ಯಾಂಕನ್ನು ತಲೆಯಲ್ಲಿ ಇಡಬೇಡಿ, ವೈರನ್ನು ಕೆಳಗೆ ಎಳೆದು ಸೊಂಟದ ಚೀಲದಲ್ಲಿ ಇಡಿ. ಚಿಕ್ಕ ಫ್ಯಾನ್ ಕರೆಂಟ್ ತುಂಬ ಕಡಿಮೆ ಎಳೆಯುವುದರಿಂದ ಕೆಲವು ಪವರ್ ಬ್ಯಾಂಕ್ ಏನೂ ಜೋಡಿಸಿಲ್ಲ ಅಂದುಕೊಂಡು ತಾನೇ ಆಫ್ ಆಗಿಬಿಡುತ್ತದೆ, ಆದ್ದರಿಂದ ಮನೆಯಲ್ಲೇ ಅರ್ಧ ಗಂಟೆ ಓಡಿಸಿ ನೋಡಿ. ಫ್ಯಾನ್‌ಗೆ ಜಾಲರಿ ಇರಲೇಬೇಕು. ಕೂದಲು ಸಿಕ್ಕಿಕೊಂಡರೆ ಹೆಲ್ಮೆಟ್ ತೆಗೆಯಲೂ ಆಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ, ನನಗೆ ಇದೇ ಮುಖ್ಯ. ಮುಖಕ್ಕೆ ಗಾಳಿ ಬೀಸಿದರೆ ಹಾಯ್ ಅನಿಸುತ್ತದೆ, ಯಾಕಂದರೆ ಬಿಸಿ ತಂಪು ಮುಖಕ್ಕೆ ತುಂಬ ಬೇಗ ಗೊತ್ತಾಗುತ್ತದೆ. ಆದರೆ ತಲೆ ಅಂದರೆ ಇಡೀ ಮೈಯ ಚರ್ಮದಲ್ಲಿ ಸುಮಾರು ಹತ್ತನೇ ಒಂದು ಭಾಗ. ಉಳಿದ ಮೈ ದಪ್ಪ ಬಟ್ಟೆಯೊಳಗೆ ಕಾಯುತ್ತಲೇ ಇರುತ್ತದೆ. ಫ್ಯಾನ್ ಇದೆ, ಆರಾಮಾಗಿದ್ದೇನೆ ಅಂತ ಇನ್ನೂ ಹತ್ತು ನಿಮಿಷ, ಇನ್ನೂ ಹತ್ತು ನಿಮಿಷ ಅಂತ ನಿಂತೇ ಇದ್ದರೆ ಮೈಯೊಳಗಿನ ಶಾಖ ಏರುವುದು ಗೊತ್ತೇ ಆಗುವುದಿಲ್ಲ. ಬಟ್ಟೆಯಲ್ಲಿ ಸುತ್ತಿದ ಐಸ್ ಪ್ಯಾಕನ್ನು ಎದೆಗೂ ಬೆನ್ನಿಗೂ ಇಟ್ಟುಕೊಳ್ಳುವ ಜಾಕೆಟ್ ಬರುತ್ತದೆ, ಒಳ್ಳೆಯದೇ, ಆದರೆ ಐಸ್ ಕರಗಿದ ಮೇಲೆ ಅದು ಮೈಮೇಲೆ ಇನ್ನೊಂದು ಪದರ ಬಟ್ಟೆ, ಅಲ್ವಾ? ಹಾಗಾಗಿ ಹೊತ್ತು ನೋಡಿಕೊಂಡು ಹೊರಗೆ ಬರುವುದೇ ನಂಬಬಹುದಾದ ದಾರಿ. ನಾನು ಈಗ ಬಿಸಿಲಿನಲ್ಲಿ 15 ನಿಮಿಷ, ನೆರಳಿನಲ್ಲಿ 20 ನಿಮಿಷಕ್ಕಿಂತ ಜಾಸ್ತಿ ನಿಲ್ಲುವುದಿಲ್ಲ. ಆಮೇಲೆ ಅಷ್ಟೇ ಹೊತ್ತು ಹೆಲ್ಮೆಟ್ ತೆಗೆದು, ನೀರು ಕುಡಿದು, ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿಕೊಂಡು ಕೂರುತ್ತೇನೆ.

ಕಾರ್ಯಕ್ರಮ ನಡೆಸುವವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ವೇಷ ಹಾಕಿದವರ ಜೊತೆಗೆ ವೇಷವಿಲ್ಲದ ಒಬ್ಬರನ್ನು ಕಳಿಸಿ. ಅವರ ಕೈಯಲ್ಲಿ ಗಡಿಯಾರವಿರಲಿ, ಸ್ಟ್ರಾ ಹಾಕಿದ ನೀರಿನ ಬಾಟಲಿ ಇರಲಿ. ಒಳಗಿನಿಂದ ಕೂಗಿದರೆ ಕೇಳಿಸುವುದಿಲ್ಲ, ಹಾಗಾಗಿ ಎರಡೂ ಕೈ ತಲೆಯ ಮೇಲೆ ಇಟ್ಟರೆ ತಕ್ಷಣ ಹೆಲ್ಮೆಟ್ ತೆಗೆಯಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಕುಸಿದರೆ, ತಡಬಡ ಮಾತಾಡಿದರೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಬರದಿದ್ದರೆ ಮಕ್ಕಳ ಮುಂದೆ ತೆಗೆಯುವುದು ಹೇಗೆ ಅಂತ ಯೋಚಿಸುತ್ತಾ ನಿಲ್ಲಬೇಡಿ. ಅಲ್ಲೇ ತೆಗೆಯಿರಿ, ವೇಷ ಬಿಚ್ಚಿ, ಮೈಮೇಲೆ ನೀರು ಸುರಿದು ಗಾಳಿ ಹಾಕಿ, ಆಂಬುಲೆನ್ಸ್ ಕರೆಯಿರಿ. ಮೈ ಶಾಖ 40 ಡಿಗ್ರಿ ಸೆಲ್ಸಿಯಸ್ ದಾಟಿ ಬುದ್ಧಿ ಮಂಕಾಯಿತು ಅಂದರೆ ಅದು ಜೀವಕ್ಕೇ ಅಪಾಯ.

ಹೆಲ್ಮೆಟ್ ಮಾಡುವವರಿಗೆ, ಬಾಡಿಗೆಗೆ ಕೊಡುವವರಿಗೆ ಒಂದು ಮಾತು. ಬಣ್ಣ ಹಚ್ಚುವ ಮೊದಲೇ ಗಾಳಿಯ ದಾರಿ ಕೊರೆಯಿರಿ, ಆಮೇಲೆ ಕೊರೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಮತ್ತೆ, ಎಷ್ಟು ನಿಮಿಷ ಹಾಕಿಕೊಳ್ಳಬಹುದು ಅನ್ನುವುದನ್ನು ಒಳಗಡೆ ಹಣೆಯ ಹತ್ತಿರ, ಹಾಕಿಕೊಳ್ಳುವವರ ಕಣ್ಣಿಗೆ ಬೀಳುವ ಹಾಗೆ ದಪ್ಪ ಅಕ್ಷರದಲ್ಲಿ ಬರೆದಿಡಿ. ನನಗೆ ಅವತ್ತು ಕೊಟ್ಟ ತಲೆಯಲ್ಲಿ ಅದು ಇರಲಿಲ್ಲ.

ಇಂತಿ,
ವೇಷದ ಹೆಲ್ಮೆಟ್ ತಯಾರಿಸುವ ಒಬ್ಬ ಓದುಗ