ಕಡತ ರಿವ್ಯೂಗೆ ಕಳಿಸುವ ಮುಂಚೆ: ಪುಟ್ಟಿಗೊಂದು ಪತ್ರ

ದಾವಣಗೆರೆ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಮಾವ ಮಾಡುವ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ನಿನ್ನ ಕ್ಷೇಮಕ್ಕೆ ಆಗಾಗ ಬರೆಯುತ್ತಿರು.

ನಿಮ್ಮ ತಂಡದ ಪುಟ್ಟ ಉಪಗ್ರಹದ (6ಯು ಅನ್ನುವುದು ಅದರ ಪೆಟ್ಟಿಗೆಯ ಅಳತೆ) ಯೋಜನೆಯ ಕರಡು ತಲುಪಿತು. ಮೊದಲ ಪುಟದ ಮೊದಲ ಸಾಲಿಗೇ ಕೆಂಪು ಗೆರೆ ಹಾಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. "ಚಳ್ಳಕೆರೆ ತಾಲ್ಲೂಕಿನ ಪ್ರತಿ ಶೇಂಗಾ ರೈತನ ಹೊಲದ ಬಾಯಾರಿಕೆಯನ್ನು ಮೂರು ದಿನಕ್ಕೊಮ್ಮೆ ತಿಳಿಸುವ 6ಯು ಉಪಗ್ರಹ" ಅಂತ ಬರೆದಿದ್ದೀರಿ. ಕೇಳಲು ಸೊಗಸಾಗಿದೆ. ಆದರೆ ಈ ಸಾಲಿನ ಭಾರವನ್ನು ನಿಮ್ಮದೇ ನಲವತ್ತನೇ ಪುಟದ ಕ್ಯಾಮೆರಾ ಹೊರಲಾರದು. ರಿವ್ಯೂ ಸಮಿತಿಯಲ್ಲಿ ಕೂತವರು ಮೊದಲ ಪುಟ ಓದಿದ ಮೇಲೆ ಎರಡನೇ ಪುಟಕ್ಕೆ ಹೋಗುವುದಿಲ್ಲ, ನೇರ ಕ್ಯಾಮೆರಾ ಪುಟಕ್ಕೆ ಹೋಗುತ್ತಾರೆ.

ಅವರು ಹಾಕುವ ಲೆಕ್ಕವನ್ನು ನೀವೇ ಹಾಕಿ ನೋಡಿ. ನಿಮ್ಮ ಕ್ಯಾಮೆರಾ ಹಿಡಿಯುವುದು ಬಾಡಿದ ಬೆಳೆಯ ಬಿಸಿಯನ್ನು, ಅಂದರೆ ಉಷ್ಣ ಕಿರಣವನ್ನು. ಅದರ ಅಲೆಯುದ್ದ ಸುಮಾರು 10 ಮೈಕ್ರಾನ್. ನಿಮ್ಮ ಲೆನ್ಸಿನ ಅಗಲ 9 ಸೆಂ.ಮೀ. 1.22ನ್ನು ಅಲೆಯುದ್ದದಿಂದ ಗುಣಿಸಿ, ಲೆನ್ಸಿನ ಅಗಲದಿಂದ ಭಾಗಿಸಿ, 500 ಕಿ.ಮೀ. ಎತ್ತರದಿಂದ ಗುಣಿಸಿದರೆ 68 ಮೀ. ಬರುತ್ತದೆ. ನೆಲದ ಮೇಲೆ ಅದಕ್ಕಿಂತ ಸಣ್ಣದನ್ನು ಬಿಡಿಸಿ ನೋಡಲು ಆ ಲೆನ್ಸಿನಿಂದ ಆಗದು. ಎಷ್ಟು ಸಾಫ್ಟ್‌ವೇರ್ ಬರೆದರೂ ಬೆಳಕಿನ ಈ ಗುಣ ಬದಲಾಗುವುದಿಲ್ಲ. ಇನ್ನು ಹೊಲ. ಎರಡೆಕರೆ ಅಂದರೆ 8,100 ಚದರ ಮೀಟರ್, ಚೌಕವಾಗಿದ್ದರೆ ಒಂದು ಬದಿ 90 ಮೀ. ಆ ಹೊಲದೊಳಗೇ ಪೂರ್ತಿ ಕೂರುವ, ಚಿತ್ರದ ಒಂದು ಚುಕ್ಕಿ (ಪಿಕ್ಸೆಲ್) ಖಂಡಿತ ಸಿಗಬೇಕಾದರೆ ಹೊಲದ ಅಗಲ ಚುಕ್ಕಿಯ ಎರಡು ಪಟ್ಟಾದರೂ ಇರಬೇಕು. ಇಲ್ಲದಿದ್ದರೆ ಶೇಂಗಾದ ಬಿಸಿಯ ಜೊತೆ ಪಕ್ಕದವನ ಜೋಳ, ಬದುವಿನ ಜಾಲಿ, ಬಂಡಿ ದಾರಿಯ ಬಿಸಿಯೂ ಸೇರಿಕೊಳ್ಳುತ್ತದೆ. 30 ಮೀ. ಚುಕ್ಕಿ ಬೇಕೇ ಬೇಕು ಅಂದರೆ ಲೆನ್ಸು 20 ಸೆಂ.ಮೀ. ಅಗಲವಾಗಬೇಕು. 6ಯು ಪೆಟ್ಟಿಗೆಯೇ 10, 20, 30 ಸೆಂ.ಮೀ. ಅಳತೆಯದು. ಅದರೊಳಗೆ ಆ ಲೆನ್ಸು ಹೇಗೆ ಕೂರಿಸುತ್ತೀರಿ?

ಮೂರು ದಿನದ ಮಾತೂ ನಿಲ್ಲುವುದಿಲ್ಲ. ನಿಮ್ಮ ಸೆನ್ಸರಿನಲ್ಲಿ ಅಡ್ಡಕ್ಕೆ 640 ಚುಕ್ಕಿ. 68 ಮೀಟರಿನಂತೆ ಒಂದು ಹಾಯುವಿಕೆಯಲ್ಲಿ ಕಾಣುವ ಪಟ್ಟಿ 43 ಕಿ.ಮೀ. ದಿನಕ್ಕೆ 15 ಸುತ್ತು ಬರುವ ಉಪಗ್ರಹದ ಎರಡು ಪಕ್ಕದ ಸುತ್ತುಗಳ ನಡುವೆ ಸಮಭಾಜಕದ ಮೇಲೆ 2,600 ಕಿ.ಮೀ.ಗೂ ಹೆಚ್ಚು ಅಂತರವಿರುತ್ತದೆ. ನೆಟ್ಟಗೆ ಕೆಳಗೆ ಮಾತ್ರ ನೋಡಿದರೆ ಆ ಅಂತರ ತುಂಬಲು ಎರಡು ತಿಂಗಳು ಬೇಕು. ಅಕ್ಕಪಕ್ಕಕ್ಕೆ 30 ಡಿಗ್ರಿ ವಾಲಿಸಿದರೆ ಚಳ್ಳಕೆರೆ ನಾಲ್ಕೈದು ದಿನಕ್ಕೊಮ್ಮೆ ಕಣ್ಣಿಗೆ ಬಿದ್ದೀತು. ಆದರೆ ಅಷ್ಟು ವಾಲಿದಾಗ ಚುಕ್ಕಿಯ ಅಗಲ 90 ಮೀ. ದಾಟುತ್ತದೆ. ಮೇಲೆ ಮುಂಗಾರಿನ ಮೋಡ ಬೇರೆ. ಉಷ್ಣ ಕ್ಯಾಮೆರಾ ಮೋಡದಾಚೆ ನೋಡುವುದಿಲ್ಲ, ಮೋಡದ ನೆತ್ತಿಯ ತಂಪನ್ನೇ ಅಳೆದು ಕಳಿಸುತ್ತದೆ.

ಹಾಗಾದರೆ ಕಡತ ಹರಿದು ಬಿಸಾಕಬೇಕೇ ಅಂದರೆ, ಬೇಡ. ಉಪಗ್ರಹ ದೊಡ್ಡದು ಮಾಡುವ ಮುಂಚೆ ಬಳಸುವವರು ಯಾರು ಅನ್ನೋದನ್ನು ಸರಿಯಾಗಿ ಹುಡುಕಿ. ರೈತನಿಗೆ ತನ್ನ ಹೊಲ ಬಾಡಿದ್ದು ಬದುವಿನ ಮೇಲೆ ನಿಂತರೇ ಗೊತ್ತಾಗುತ್ತದೆ, ಅವನಿಗೆ ಉಪಗ್ರಹದ ಹಂಗಿಲ್ಲ. ಬೆಳೆ ವಿಮೆಯವರ ವಿಷಯ ಬೇರೆ. ಕರ್ನಾಟಕದಲ್ಲಿ ಮುಖ್ಯ ಬೆಳೆಗಳಿಗೆ ವಿಮಾ ಘಟಕ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ. ಲೆಕ್ಕ ಪಂಚಾಯಿತಿ ಮಟ್ಟದಲ್ಲಿ ಆಗುವುದಾದರೆ 68 ಏನು, 90 ಮೀಟರಿನ ಚುಕ್ಕಿಯೂ ಧಾರಾಳವಾಯಿತು. ಹೂ ಬಿಟ್ಟು ಕಾಯಿ ಕಟ್ಟುವ ವಾರಗಳಲ್ಲಿ ಎರಡು ಮೂರು ಒಳ್ಳೆಯ ಚಿತ್ರ ಸಿಕ್ಕರೂ ಯಾವ ಪಂಚಾಯಿತಿಯಲ್ಲಿ ಬೆಳೆ ಕಟಾವು ಪ್ರಯೋಗ ಹೆಚ್ಚು ಮಾಡಬೇಕು ಅನ್ನುವುದು ತಿಳಿಯುತ್ತದೆ. ಅದೇ ಕ್ಯಾಮೆರಾ, ಅದೇ ಪೆಟ್ಟಿಗೆ. ಬದಲಾದದ್ದು ಮೊದಲ ಪುಟದ ಸಾಲು ಮಾತ್ರ, ಈಗ ಅದು ನಲವತ್ತನೇ ಪುಟಕ್ಕೆ ಹೊಂದುತ್ತದೆ.

ಮೊದಲ ಹಂತದ ರಿವ್ಯೂನಲ್ಲಿ ಸರ್ಕ್ಯೂಟ್ ಚಿತ್ರ ಕೇಳುವವರು ಕಡಿಮೆ. ಈ ಅಗತ್ಯ ನಿಜವೇ, ಈ ಅಗತ್ಯದಿಂದಲೇ ಈ ಅಳತೆ ಹುಟ್ಟಿತೇ, ಈ ಅಳತೆಯಿಂದಲೇ ಈ ಉಪಕರಣ ಹುಟ್ಟಿತೇ ಅಂತ ಸರಪಳಿ ಎಳೆದು ನೋಡುತ್ತಾರೆ. ಅದಕ್ಕೆ ಒಂದೇ ಅಗಲ ಹಾಳೆಯ ಕೋಷ್ಟಕ ಮಾಡಿ. ಎಡಗಡೆ ಬಳಕೆದಾರ ತೆಗೆದುಕೊಳ್ಳುವ ತೀರ್ಮಾನ, ಪಕ್ಕದಲ್ಲಿ ಬೇಕಾದ ಅಳತೆ ಮತ್ತು ನಿಖರತೆ, ಆಮೇಲೆ ಉಪಕರಣ, ಕೊನೆಗೆ ಉಪಗ್ರಹದ ಮೇಲೆ ಬೀಳುವ ಹೊರೆ. ಬಲಗಡೆಯ ಯಾವ ಸಂಖ್ಯೆಗೆ ಎಡಗಡೆ ಬೇರಿಲ್ಲವೋ ಅದನ್ನು ಅಳಿಸಿ. ನಿಮ್ಮ ಎರಡನೇ ಕ್ಯಾಮೆರಾ, ಅದೇ ಸಣ್ಣ ಬಣ್ಣದ್ದು, ಅಲ್ಲೇ ಉದುರುತ್ತದೆ. ಉದುರಲಿ ಬಿಡು.

"ಇದನ್ನು ಮಾಡಲು ಬೇರೆ ದಾರಿ ಇಲ್ಲವೇ" ಅನ್ನುವ ಪ್ರಶ್ನೆಗೆ ನಿಮ್ಮ ಕಡತದಲ್ಲಿ ಅರ್ಧ ಪುಟ ಇದೆ. ನಾಲ್ಕು ಪುಟ ಇರಲಿ. ಅಮೆರಿಕದ ಉಪಗ್ರಹಗಳಾದ ಲ್ಯಾಂಡ್‌ಸ್ಯಾಟ್ 8 ಮತ್ತು 9 ಸೇರಿ 8 ದಿನಕ್ಕೊಮ್ಮೆ 100 ಮೀಟರಿನ ಉಷ್ಣ ಚಿತ್ರ ಬಿಟ್ಟಿಯಾಗಿ ಕೊಡುತ್ತವೆ. ಇಸ್ರೋ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಸಿಎನ್‌ಇಎಸ್ ಸೇರಿ ರೂಪಿಸಿರುವ ತೃಷ್ಣಾ ಉಪಗ್ರಹದ ಚುಕ್ಕಿ ನೆಲದ ಮೇಲೆ 57 ಮೀಟರಿನದು. ಸಮಿತಿಯಲ್ಲಿ ಯಾರಾದರೂ "ತೃಷ್ಣಾ ಇರುವಾಗ ನೀವ್ಯಾಕೆ?" ಅಂತ ಕೇಳೇ ಕೇಳುತ್ತಾರೆ. ಅದಕ್ಕಿಂತ ನಾವು ಚೆನ್ನಾಗಿ ಮಾಡುತ್ತೇವೆ ಅಂತ ಹೇಳಿದರೆ ನಗೆಪಾಟಲು. ತಂಪುಯಂತ್ರ ಬೇಡದ ಅಗ್ಗದ ಮೈಕ್ರೊಬೋಲೊಮೀಟರ್ ಸೆನ್ಸರಿನಿಂದ ನೆಲದ ಉಷ್ಣಾಂಶವನ್ನು 2 ಡಿಗ್ರಿಯೊಳಗೆ ಅಳೆಯಬಹುದೇ ಅನ್ನುವುದನ್ನು ಪರೀಕ್ಷಿಸುತ್ತೇವೆ, ಆ ದೊಡ್ಡ ಉಪಗ್ರಹಗಳ ಚಿತ್ರವೇ ನಮಗೆ ಒರೆಗಲ್ಲು ಅಂತ ಹೇಳಿ. ಅದು ನಿಜವೂ ಹೌದು. ಇನ್ನೊಂದು ದಾರಿ ಪಿಎಸ್‌ಎಲ್‌ವಿಯ ನಾಲ್ಕನೇ ಹಂತದ ಪೋಯಮ್ ವೇದಿಕೆ, ಅಂದರೆ ಉಪಗ್ರಹ ಬಿಟ್ಟ ಮೇಲೂ ಕಕ್ಷೆಯಲ್ಲೇ ಸುತ್ತುತ್ತಾ ಉಪಕರಣ ಹೊರುವ ರಾಕೆಟ್ಟಿನ ಕೊನೆಯ ತುಂಡು. 2024ರ ಡಿಸೆಂಬರ್ 30ರಂದು ಹೋದ ಪೋಯಮ್-4ರ ಮೇಲೆ 24 ಉಪಕರಣಗಳಿದ್ದವು. ಕ್ಯಾಮೆರಾವನ್ನಷ್ಟೇ ಮೊದಲು ಅಲ್ಲಿ ಹಾರಿಸಿ, ಆಮೇಲೆ ಸ್ವಂತ ಉಪಗ್ರಹ ಕಟ್ಟಬಹುದು. 350 ಕಿ.ಮೀ. ಎತ್ತರವಾದರೆ ನಿಮ್ಮ ಚುಕ್ಕಿ 47 ಮೀಟರಿಗೆ ಇಳಿಯುತ್ತದೆ. ಈ ದಾರಿಯನ್ನು ಬಿಟ್ಟಿದ್ದರೆ ಯಾಕೆ ಬಿಟ್ಟಿರಿ ಅಂತ ಬರೆಯಿರಿ. ನನಗಂತೂ ಬಿಡಬಾರದು ಅನ್ನಿಸುತ್ತದೆ.

ಗೆಲುವು ಅಂದರೆ ಏನು ಅನ್ನುವುದನ್ನು ಮೆಟ್ಟಿಲು ಮಾಡಿ ಹೇಳಿ. ನಿಮ್ಮ ಊರಿನ ಪಕ್ಕದ ಕುದಾಪುರದಲ್ಲೇ ಪುಷ್ಪಕ್, ಅಂದರೆ ಇಸ್ರೋದ ಮರುಬಳಕೆಯ ರೆಕ್ಕೆ ವಾಹನ, ಹೆಲಿಕಾಪ್ಟರಿನಿಂದ ಬಿಟ್ಟಾಗ ಇಳಿದದ್ದನ್ನು ನೋಡು. 2023ರ ಏಪ್ರಿಲ್ 2ರಂದು ಮೊದಲ ಸಲ ನೆಟ್ಟಗೆ ಇಳಿಸಿದರು. 2024ರ ಮಾರ್ಚಿನಲ್ಲಿ ರನ್‌ವೇಯಿಂದ 150 ಮೀ. ಪಕ್ಕಕ್ಕೆ ಬಿಟ್ಟರು, ಜೂನ್ 23ರಂದು 500 ಮೀ. ಪಕ್ಕಕ್ಕೆ. ನಿಮ್ಮ ಕನಿಷ್ಠ ಗೆಲುವು ಹೀಗಿರಲಿ: ಮೋಡವಿಲ್ಲದ ಹತ್ತು ಚಿತ್ರಗಳಲ್ಲಿ ವಾಣಿವಿಲಾಸ ಸಾಗರದ (ಮಾರಿಕಣಿವೆ ಜಲಾಶಯದ) ನೀರಿನ ಉಷ್ಣಾಂಶ 2 ಡಿಗ್ರಿಯೊಳಗೆ ಬರಬೇಕು. ಪೂರ್ಣ ಗೆಲುವು ಒಂದು ಮುಂಗಾರು ಹಂಗಾಮಿನ ಪಂಚಾಯಿತಿವಾರು ನಕ್ಷೆ. ಮಾರಿಕಣಿವೆಯ ನೀರು ಇದಕ್ಕೆ ಹೇಳಿಮಾಡಿಸಿದ್ದು, ದಡ ತಾಗದ ಚುಕ್ಕಿಗಳು ಬೇಕಾದಷ್ಟು ಸಿಗುತ್ತವೆ. ಒಂದು ಎಚ್ಚರ: ಕ್ಯಾಮೆರಾಗೆ ಕಾಣುವುದು ನೀರಿನ ಮೇಲ್ಪದರದ ಬಿಸಿ ಮಾತ್ರ. ಒಂದಡಿ ಆಳಕ್ಕೆ ಥರ್ಮಾಮೀಟರ್ ಇಳಿಬಿಟ್ಟು ಹೋಲಿಸಿದರೆ, ಗಾಳಿ ಇಲ್ಲದ ಮಧ್ಯಾಹ್ನ ಎರಡೂ ಹೊಂದದೆ ಕ್ಯಾಮೆರಾವನ್ನು ಬೈದುಕೊಳ್ಳುತ್ತೀರಿ.

ಈಗ ತೂಕದ ಪಟ್ಟಿ. ಕ್ಯಾಮೆರಾ 250 ಗ್ರಾಂ ಅಂತ ಹಾಕಿದ್ದೀರಿ. ಉಷ್ಣ ಕಿರಣಕ್ಕೆ ಗಾಜು ನಡೆಯುವುದಿಲ್ಲ, ಜರ್ಮೇನಿಯಂ ಬೇಕು. ಅದು ಘನ ಸೆಂಟಿಮೀಟರಿಗೆ 5.3 ಗ್ರಾಂ ತೂಗುತ್ತದೆ. 95 ಮಿ.ಮೀ. ಅಗಲ, 8 ಮಿ.ಮೀ. ದಪ್ಪದ ಒಂದೇ ಬಿಲ್ಲೆ 300 ಗ್ರಾಂ ಆಯಿತು. ಅಂಥವು ಎರಡೋ ಮೂರೋ ಬೇಕು, ಮೇಲೆ ಕೊಳವೆ, ಹಿಡಿಕೆ, ಸೆನ್ಸರ್. ಆ 250 ಯಾರೋ ಡ್ರೋನ್ ಕ್ಯಾಮೆರಾದ ಕೈಪಿಡಿಯಿಂದ ಎತ್ತಿದ್ದು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಪಟ್ಟಿಯಲ್ಲಿ ಪ್ರತಿ ಸಾಲಿಗೂ ಪ್ರತ್ಯೇಕ ಮೀಸಲು ಇಡಿ: ಹಿಂದೆ ಬೇರೆ ಉಪಗ್ರಹದಲ್ಲಿ ಹಾರಿದ ಭಾಗಕ್ಕೆ ನೂರಕ್ಕೆ 5, ಅಲ್ಪಸ್ವಲ್ಪ ಬದಲಿಸಿದ್ದಕ್ಕೆ 10, ಹೊಸದಾಗಿ ಮಾಡುವುದಕ್ಕೆ 20. ಅದೆಲ್ಲ ಕೂಡಿದ ಮೇಲೆ ಇಡೀ ಉಪಗ್ರಹದ ಮೇಲೆ ಮತ್ತೆ 20. ಉದಾಹರಣೆಗೆ ಭಾಗಗಳ ಮೊತ್ತ 8.2 ಕೆ.ಜಿ., ಸಾಲುಗಳ ಮೀಸಲು ಸೇರಿ 9.1, ಕೊನೆಯ ಮೀಸಲೂ ಸೇರಿ 10.9 ಅಂತಿಟ್ಟುಕೋ. 6ಯು ಮಿತಿ 12 ಕೆ.ಜಿ.ಯಾದ್ದರಿಂದ ಉಸಿರಾಡಲು ಜಾಗವಿದೆ. ಈ ಹಂತದಲ್ಲೇ 11.8 ಬಂದರೆ ಒಂದು ಉಪಕರಣ ಇಳಿಸು. ತೂಕ ಮುಂದೆ ಕಡಿಮೆಯಾಗುತ್ತದೆ ಅಂತ ನಂಬಬೇಡ, ವೈರು ಮತ್ತು ಸ್ಕ್ರೂಗಳೇ ನಿಮ್ಮನ್ನು ತಿನ್ನುತ್ತವೆ.

ಜರ್ಮೇನಿಯಂ ಕೊಡುವ ದೊಡ್ಡ ತಲೆನೋವು ಬೇರೆಯೇ ಇದೆ, ನಿಮ್ಮ ಅಪಾಯಗಳ ಪಟ್ಟಿಯಲ್ಲಿ ಅದರ ಸುಳಿವೇ ಇಲ್ಲ. ಬಿಸಿಯಾದಂತೆ ಅದರ ವಕ್ರೀಭವನ ಬಹಳ ಬದಲಾಗುತ್ತದೆ. ನಿಮ್ಮ 88 ಮಿ.ಮೀ. ಫೋಕಲ್ ಉದ್ದಕ್ಕೆ ಒಂದು ಡಿಗ್ರಿ ಏರಿದರೆ ಫೋಕಸ್ ಸುಮಾರು 10 ಮೈಕ್ರಾನ್ ಜರುಗುತ್ತದೆ. ಇಷ್ಟು ಅಗಲದ ಲೆನ್ಸು ಸಹಿಸುವುದು ಆಚೆಗೀಚೆಗೆ 20 ಮೈಕ್ರಾನ್. ಅಂದರೆ ಎರಡು ಡಿಗ್ರಿ ತಪ್ಪಿದರೆ ಚಿತ್ರ ಮಸುಕು. ಉಪಗ್ರಹವೋ ಪ್ರತಿ 95 ನಿಮಿಷಕ್ಕೊಮ್ಮೆ ಬಿಸಿಲಿಂದ ನೆರಳಿಗೆ, ನೆರಳಿಂದ ಬಿಸಿಲಿಗೆ ಹೋಗಿ ಬರುತ್ತದೆ. ಹೀಟರ್ ಇಡುತ್ತೀರೋ, ಉಷ್ಣಕ್ಕೆ ತಾನೇ ಸರಿದೂಗುವ ಲೆನ್ಸ್ ಜೋಡಣೆ ಮಾಡುತ್ತೀರೋ ಅನ್ನುವುದು ಈಗಲೇ ತೀರ್ಮಾನವಾಗಬೇಕು, ಹೀಟರ್ ಆದರೆ ವಿದ್ಯುತ್ ಲೆಕ್ಕಕ್ಕೂ ಬರಬೇಕು. ಹಾಗೆಯೇ ಮೈಕ್ರೊಬೋಲೊಮೀಟರ್ ನಿಧಾನದ ಸೆನ್ಸರ್, ಬಿಸಿ ಗ್ರಹಿಸಲು ಅದಕ್ಕೆ ಸುಮಾರು 10 ಮಿಲಿಸೆಕೆಂಡ್ ಬೇಕು. ಉಪಗ್ರಹದ ಕೆಳಗೆ ನೆಲ ಸೆಕೆಂಡಿಗೆ 7 ಕಿ.ಮೀ. ಓಡುತ್ತಿರುತ್ತದೆ. ಆ ಹೊತ್ತಿನಲ್ಲಿ 70 ಮೀ. ಸರಿಯಿತು, ಒಂದಿಡೀ ಚುಕ್ಕಿ ಕಲಸಿಹೋಯಿತು. ಚಿತ್ರ ತೆಗೆಯುವಾಗ ಉಪಗ್ರಹವನ್ನೇ ಹಿಂದಕ್ಕೆ ತಿರುಗಿಸುತ್ತಾ ಗುರಿ ಹಿಡಿಯಬೇಕಾದೀತು. ಅಪಾಯದ ಪಟ್ಟಿಯಲ್ಲಿ "ರಾಕೆಟ್ ವಿಫಲವಾಗಬಹುದು" ಅಂತ ಮೊದಲು ಬರೆದಿದ್ದೀರಲ್ಲ, ಅದನ್ನು ತೆಗೆದು ಇವೆರಡನ್ನು ಹಾಕಿ. ನಿಮ್ಮ ಕೈಯಲ್ಲಿರುವ ಅಪಾಯಗಳ ಬಗ್ಗೆ ಮಾತ್ರ ಸಮಿತಿ ನಿಮ್ಮನ್ನು ಕೇಳಬಲ್ಲದು.

ದತ್ತಾಂಶದ ಲೆಕ್ಕ ಸುಲಭ. ಒಂದು ಚಿತ್ರ 640 ಗುಣಿಲೆ 512, ಚುಕ್ಕಿಗೆ ಎರಡು ಬೈಟ್, ಒಟ್ಟು 0.65 ಎಂ.ಬಿ. ದಿನಕ್ಕೆ ನಾಲ್ಕು ಸಲ ಆರಾರು ನಿಮಿಷ ಸಂಪರ್ಕ ಸಿಕ್ಕರೆ, ಸೆಕೆಂಡಿಗೆ 9,600 ಬಿಟ್ ವೇಗದ ರೇಡಿಯೊ ಬ್ಯಾಂಡ್ ಯುಎಚ್‌ಎಫ್‌ನಲ್ಲಿ ಇಳಿಯುವುದು 1.7 ಎಂ.ಬಿ., ಅಂದರೆ ಎರಡೂವರೆ ಚಿತ್ರ. ಸೆಕೆಂಡಿಗೆ 1 ಮೆಗಾಬಿಟ್ಟಿನ ಎಸ್ ಬ್ಯಾಂಡ್ ಆದರೆ 180 ಎಂ.ಬಿ. ಬ್ಯಾಟರಿ ನಿಮ್ಮದು ಸರಿಯಾಗಿದೆ: ನೆರಳಿನ 35 ನಿಮಿಷಕ್ಕೆ 8 ವ್ಯಾಟ್ ಅಂದರೆ 4.7 ವ್ಯಾಟ್ ಅವರ್, 40 ವ್ಯಾಟ್ ಅವರಿನ ಬ್ಯಾಟರಿಗೆ ಅದು ಹಗುರ. ವರ್ಷಕ್ಕೆ 5,500 ಸಲ ಬರಿದಾಗಿ ತುಂಬುವ ಬ್ಯಾಟರಿಯನ್ನು ಹಗುರವಾಗಿಯೇ ದುಡಿಸಬೇಕು. ಹೀಟರ್, ಟ್ರಾನ್ಸ್‌ಮಿಟರ್ ಎರಡೂ ನೆರಳಿನಲ್ಲಿ ಒಟ್ಟಿಗೆ ಉರಿಯುವ ಕೆಟ್ಟ ಸುತ್ತಿನ ಲೆಕ್ಕವನ್ನಷ್ಟು ಸೇರಿಸು.

ಕಕ್ಷೆಯ ಬಗ್ಗೆ "ಮಧ್ಯಾಹ್ನ 1:30" ಅಂತ ನಿಶ್ಚಯ ಮಾಡಿಕೊಂಡುಬಿಟ್ಟಿದ್ದೀರಿ, ಅಂದರೆ ಉಪಗ್ರಹ ತಲೆ ಮೇಲೆ ಹಾಯುವುದು ಯಾವಾಗಲೂ ಆ ಹೊತ್ತಿಗೇ. ಬೆಳೆಯ ಬಳಲಿಕೆ ನೋಡಲು ಒಳ್ಳೆ ಹೊತ್ತೇ. ಆದರೆ ನೀವು ಹೋಗುವುದು ಶೇರ್ ಟೆಂಪೊದಲ್ಲಿ, ಅಂದರೆ ಬೇರೆಯವರ ಜೊತೆ ಹಂಚಿಕೊಂಡ ರಾಕೆಟ್ಟಿನಲ್ಲಿ. ದಾರಿ, ಸಮಯ ಮುಂದಿನ ಸೀಟಿನ ದೊಡ್ಡ ಉಪಗ್ರಹದ್ದು. ಬೆಳಿಗ್ಗೆ 9:30, 10:30ರ ಕಕ್ಷೆ ಸಿಕ್ಕರೆ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಅನ್ನುವ ಒಂದು ಪುಟ ಇರಲಿ. ಎತ್ತರವೂ ಹಾಗೇ. 500ರಲ್ಲಿ ಗಾಳಿಯ ತಡೆಯೇ ಕೆಲವು ವರ್ಷದಲ್ಲಿ ಕೆಳಗೆಳೆಯುತ್ತದೆ, 600ಕ್ಕೆ ಹೋದರೆ ಆ ಕಾಲ ಬಹಳ ಉದ್ದವಾಗುತ್ತದೆ. 2030ರ ಹೊತ್ತಿಗೆ ಭಾರತದ ಎಲ್ಲ ಯಾನಗಳೂ ಕಸ ಬಿಡದಂತಿರಬೇಕು ಅನ್ನುವ ಗುರಿ ಘೋಷಣೆಯಾಗಿರುವುದರಿಂದ ಕೊನೆಗಾಲದ ಲೆಕ್ಕ ಕೇಳದೆ ಬಿಡರು.

ಅನುಮತಿಯ ಕೆಲಸ ಈಗಲೇ ಶುರುವಾಗಲಿ. ಸರ್ಕಾರೇತರರ ಬಾಹ್ಯಾಕಾಶ ಕೆಲಸಗಳಿಗೆ ಅನುಮತಿ ಕೊಡುವ ಇನ್‌ಸ್ಪೇಸ್‌ನ 2024ರ ಮಾರ್ಗಸೂಚಿಯನ್ನು ತಂಡದಲ್ಲಿ ಒಬ್ಬರಾದರೂ ಪೂರ್ತಿ ಓದಿರಬೇಕು. ಆವರ್ತನದ ಮುಂಗಡ ಮಾಹಿತಿ ನಮ್ಮ ದೇಶದ ಆಡಳಿತದ ಮೂಲಕ ರೇಡಿಯೊ ಆವರ್ತನಗಳನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆ ಐಟಿಯುಗೆ ಹೋಗಬೇಕು, ಬಳಕೆಗೆ ಎರಡು ವರ್ಷ ಮುಂಚೆಯಾದರೂ ಹೋದರೆ ಒಳ್ಳೆಯದು. ಹವ್ಯಾಸಿ ರೇಡಿಯೊ ಬ್ಯಾಂಡು ಹಾಕಿದ್ದೀರಿ, ಬೆಳೆ ವಿಮೆಯ ಕೆಲಸಕ್ಕೆ ಅದು ಸಲ್ಲದು.

ಕಡತ ಎರಡು ವಾರ ಮುಂಚೆ ಸಮಿತಿಯ ಕೈ ಸೇರಲಿ. ಅವತ್ತು ಇಪ್ಪತ್ತು ಸ್ಲೈಡ್ ಸಾಕು, ಲೆಕ್ಕದ ಹಾಳೆಗಳು ಹಿಂದಿರಲಿ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ, ಇಂಥವರು ಇಷ್ಟು ದಿನದಲ್ಲಿ ತಿಳಿಸುತ್ತಾರೆ" ಅಂತ ಹೇಳಿ, ಅಲ್ಲೇ ಬರೆದುಕೊಳ್ಳಿ. ಒಬ್ಬರು ಮಾತಾಡುವಾಗ ಮೂವರು ಬಾಯಿ ಹಾಕಬೇಡಿ.

ಮುಂದಿನ ಕರಡು ಇಡೀ ಕಳಿಸಬೇಡ, ಮೊದಲ ಪುಟ ಮತ್ತು ತೂಕದ ಪಟ್ಟಿ ಎರಡೇ ಕಳಿಸು. ಲೆನ್ಸು ಮಾಡಿಕೊಡುವವರಿಂದ ತೂಕವನ್ನು ಫೋನಿನಲ್ಲಲ್ಲ, ಬರವಣಿಗೆಯಲ್ಲಿ ತರಿಸಿಕೊಂಡಿರು. ನಿಮ್ಮತ್ತೆ ಮಂಡಕ್ಕಿಯ ಚೀಲ ಕಟ್ಟಿಟ್ಟಿದ್ದಾಳೆ, ಭಾನುವಾರದ ಬಸ್ಸಿಗೆ ಹಾಕಿಸುತ್ತೇನೆ.

ಇಂತಿ,
ನಿನ್ನ ದೊಡ್ಡಮಾವ